ಗಾಯದ ಮರಕ್ಕೆ ಇಟ್ಟ ಬೊಟ್ಟು

ಅಮ್ಮ ತನ್ನ ಪರ್ಸಿನಿಂದ ಅರಿಶಿನ ಕುಂಕುಮದ ಪುಟ್ಟ ಡಬ್ಬಿ ತೆಗೆದದ್ದನ್ನು ನಾನು ನೋಡಿದ್ದೆ. ಹಣೆಯ ಬೊಟ್ಟು ಬೆವರಿಗೆ ಅಳಿಸಿರಬೇಕು, ಸರಿ ಮಾಡಿಕೊಳ್ಳುತ್ತಾಳೆ ಅಂದುಕೊಂಡು ಮಕ್ಕಳ ತಲೆ ಎಣಿಸಲು ತಿರುಗಿದೆ. ನಾಲ್ಕು ವರ್ಷದ ಮಕ್ಕಳನ್ನು ನದಿ ದಡದ ಬಯಲಿಗೆ ಕರೆತಂದ ಟೀಚರಿಗೆ ತಲೆ ಎಣಿಸುವುದು ಉಸಿರಾಡಿದಷ್ಟೇ ರೂಢಿ. ಎಣಿಸಿ ಮುಗಿಸಿ, ಅವರ ಚೀಲಗಳನ್ನು ಒಂದೆಡೆ ಜೋಡಿಸಿಟ್ಟು ಈ ಕಡೆ ನೋಡುತ್ತೇನೆ, ಹಳೆಯ ಮರದ ಮೈಮೇಲೆ ಅರಿಶಿನ ಕುಂಕುಮ ಏರಿಬಿಟ್ಟಿದೆ. ಬುಡದಲ್ಲಿ ನಮ್ಮ ಮನೆಯಂಗಳದ ಗುಲಾಬಿ. ಅಮ್ಮ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಳೆ. ಅವಳ ಹಿಂದೆ ನನ್ನ ಮಕ್ಕಳು, ಚೀನಾದವರು, ಸುಡಾನಿನವರು, ಪಂಜಾಬಿನವರು, ಬಿಳಿಯರು, ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾರೆ. ಕೆಲವರ ಹಣೆಯ ಮೇಲೂ ಆಗಲೇ ಬೊಟ್ಟಿತ್ತು.

“ಏನಮ್ಮಾ ಇದು?” ಅಂದೆ.

“ನೀನೇ ಹೇಳಿದ್ಯಲ್ಲೇ, ಈ ಮರ ಇಲ್ಲಿಯವರಿಗೆ ಹಿರಿಯರಿದ್ದ ಹಾಗೆ ಅಂತ,” ಅಮ್ಮ ಕಣ್ಣು ಬಿಟ್ಟು ಹೇಳಿದಳು. “ಹಿರಿಯರನ್ನ ಬರೀ ಕೈಯಲ್ಲಿ ನೋಡ್ತಾರಾ?”

ನನ್ನ ಕೈಕಾಲು ತಣ್ಣಗಾದವು. ಯಾಕೆ ತಣ್ಣಗಾದವು ಎಂದು ತಿಳಿಯಬೇಕಾದರೆ ಸಿಡ್ನಿಯಿಂದ ಶುರು ಮಾಡಬೇಕು.

ನಾನು ಹುಟ್ಟಾ ಪುಕ್ಕಲಿ. ಬಸ್ಸು ಬರುವ ಮೊದಲೇ ಬಸ್ಸು ಹೋಗಿಬಿಟ್ಟಿತೇನೋ ಎಂದು ಅಳುತ್ತಿದ್ದ ಹುಡುಗಿ. ಆದರೆ ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಸಿಡ್ನಿಯ ಕೆಲ್ಲಿವಿಲ್ ಬಡಾವಣೆಯಲ್ಲಿ ಅಂಟಿಕೊಂಡದ್ದು. ಅಲ್ಲಿನ ಒಂದು ಚೈಲ್ಡ್‌ಕೇರ್‌ನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಮೈಸೂರಿನಲ್ಲಿ ಎಂಎಸ್ಸಿ ಮಾಡಿದವಳು ಡೈಪರ್ ಬದಲಿಸಲು ಹೋಗುತ್ತಾಳೆ ಎಂದು ವೀಕೆಂಡ್ ಊಟಗಳಲ್ಲಿ ನಮ್ಮವರೇ ಮೂಗು ಮುರಿದರು. ನನಗೋ ಆ ಕೆಲಸ ಇಷ್ಟವಾಗಿತ್ತು. ಹೊಸ ಕಟ್ಟಡ, ಪ್ಲಾಸ್ಟಿಕ್ ಹುಲ್ಲಿನ ಅಂಗಳ, ಎತ್ತರದ ಬೇಲಿ. ಮಣ್ಣು ಬೇಕೆಂದರೆ ಚೀಲದಲ್ಲಿ ತರಿಸುತ್ತಿದ್ದೆವು.

ವರ್ಷಕ್ಕೊಂದು ವಾರ ಮೂಲನಿವಾಸಿಗಳ ಸಂಸ್ಕೃತಿಯನ್ನು ಮಕ್ಕಳಿಗೆ ಪರಿಚಯಿಸಬೇಕಿತ್ತು. ನಾನು ಉತ್ಸಾಹದಿಂದ ರಟ್ಟಿನ ಬೂಮರಾಂಗ್‌ಗಳನ್ನು ಕತ್ತರಿಸಿಕೊಟ್ಟೆ. ಮಕ್ಕಳು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಣ್ಣದಲ್ಲಿ ಅದ್ದಿ ಅದರ ಮೇಲೆ ಚುಕ್ಕಿ ಇಟ್ಟರು. ಗೋಡೆ ತುಂಬ ತೂಗುಹಾಕಿ, ಸಂಜೆ ಪೋಷಕರ ಮೆಚ್ಚುಗೆಗಾಗಿ ಬಾಗಿಲಲ್ಲೇ ನಿಂತೆ. ಒಬ್ಬ ತಾಯಿ ಬಹಳ ಹೊತ್ತು ಆ ಗೋಡೆಯನ್ನು ನೋಡಿದಳು. ಅವಳು ಮೂಲನಿವಾಸಿ ಕುಟುಂಬದವಳೆಂದು ಆಮೇಲೆ ತಿಳಿಯಿತು. ಮೈಬಣ್ಣ ನೋಡಿ ಜನರನ್ನು ಅಳೆಯುವ ನನಗೆ ಅದು ಹೊಳೆದೇ ಇರಲಿಲ್ಲ.

“ಇದನ್ನು ನಿಮಗೆ ಯಾರು ಹೇಳಿಕೊಟ್ಟರು?” ಎಂದು ಕೇಳಿದಳು. ಕೋಪವಿರಲಿಲ್ಲ. ಅದೇ ಕಷ್ಟವಾದದ್ದು. ಇಂಟರ್‌ನೆಟ್ ಎಂಬ ನಿಜವಾದ ಉತ್ತರವನ್ನು ನುಂಗಿಕೊಂಡು ನಾನು ಹಲ್ಲು ಕಿರಿದೆ. ಅವಳು ಮಗುವಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಮಗುವಿನ ಬೂಮರಾಂಗ್ ಗೋಡೆಯಲ್ಲೇ ಉಳಿಯಿತು.

ಆ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತು. ಆಮೇಲೆ ಕಲಿತೆ. ಪ್ರತಿ ಬೆಳಿಗ್ಗೆ ಮಕ್ಕಳೊಂದಿಗೆ ನೆಲಕ್ಕೆ ಅಂಗೈ ಇಟ್ಟು ಆ ನೆಲದ ಜನರ ಹೆಸರು ಹೇಳಿ ವಂದಿಸುವ ಮಾತನ್ನು ತಪ್ಪಿಲ್ಲದೆ ಹೇಳುವುದನ್ನು ರೂಢಿಸಿಕೊಂಡೆ. ಎಷ್ಟು ರೂಢಿಯೆಂದರೆ, ಗಂಡನ ಕೆಲಸ ಬದಲಾಗಿ ಮೆಲ್ಬರ್ನಿಗೆ ಬಂದು, ಅಲ್ಲಿನ ಟಾರ್ನೀಟ್ ಬಡಾವಣೆಯ ಕಿಂಡರ್ ಎಂಬ ಶಿಶುವಿಹಾರಕ್ಕೆ ಸೇರಿದ ಮೊದಲ ದಿನ, ಅಂಗೈ ನೆಲಕ್ಕಿಟ್ಟು ಸಿಡ್ನಿ ಕಡೆಯ ದಾರುಗ್ ಜನರ ಹೆಸರನ್ನೇ ಹೇಳಿಬಿಟ್ಟೆ! ಮಕ್ಕಳಿಗೆ ತಿಳಿಯಲಿಲ್ಲ. ಜೊತೆಯ ಟೀಚರ್ ಕೆಮ್ಮಿದಳು. ಬೇರೆಯವರ ಮನೆಯ ಹೊಸ್ತಿಲಲ್ಲಿ ನಿಂತು ಪಕ್ಕದ ಮನೆಯವರ ಹೆಸರು ಹಿಡಿದು ಕೂಗಿದಂತಾಗಿತ್ತು. ಕೈ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ನನ್ನನ್ನೇ ಬೈದುಕೊಂಡೆ.

ಟಾರ್ನೀಟ್ ಆಗ ದಿನಕ್ಕೊಂದು ಬೀದಿಯಂತೆ ಬೆಳೆಯುತ್ತಿತ್ತು. ಎಲ್ಲಿ ನೋಡಿದರೂ ಅರ್ಧ ಎದ್ದ ಮನೆಗಳು. ಹೊಸ ಬಡಾವಣೆಯ ಬೀದಿಗಳಿಗೆಲ್ಲ ಹಕ್ಕಿಗಳ ಹೆಸರು, ಆ ಹಕ್ಕಿಗಳು ಮಾತ್ರ ನದಿಯ ಕಡೆ ಓಡಿಹೋಗಿದ್ದವು. ಬುಧವಾರ ಬೆಳಗಿನ ಹೊತ್ತು ನಾವೂ ಆ ನದಿಯ ದಡಕ್ಕೆ ಹೋಗುತ್ತಿದ್ದೆವು. ಅದಕ್ಕೆ ಬುಷ್ ಕಿಂಡರ್ ಎನ್ನುತ್ತಾರೆ. ಆಟಿಕೆ ಇಲ್ಲ, ಗೋಡೆ ಇಲ್ಲ. ಮಳೆ ಬಂದರೆ ರೇನ್‌ಕೋಟು, ಬಿಸಿಲಿಗೆ ಟೋಪಿ. ಮಕ್ಕಳು ಕೆಸರು ಕಲಸುತ್ತಾರೆ, ಕಡ್ಡಿ ಹೆಕ್ಕುತ್ತಾರೆ, ಇರುವೆ ಸಾಲಿನ ಹಿಂದೆ ಹೋಗುತ್ತಾರೆ. ಹಾವು ಬಂದರೆ ಎಂದು ನಾನು ಅವರ ಹಿಂದೆ ಹೋಗುತ್ತೇನೆ.

ಅಲ್ಲಿಗೆ ನಮಗೆ ಕಲಿಸಲು ಬರುತ್ತಿದ್ದವರು ಆ ನೆಲದ ಜನರಲ್ಲಿ ಒಬ್ಬರು ಹಿರಿಯ ಹೆಂಗಸು. ಇಲ್ಲಿ ಮೂಲನಿವಾಸಿ ಹಿರಿಯರನ್ನು ಗೌರವದಿಂದ ಆಂಟಿ, ಅಂಕಲ್ ಎನ್ನುತ್ತಾರೆ. ನಮ್ಮ ಭಾರತೀಯ ಮಕ್ಕಳಿಗೆ ಅದು ಮೊದಲೇ ಬಾಯಿಗೆ ಬಂದ ಮಾತು, ಸಲೀಸಾಗಿ ಆಂಟಿ ಆಂಟಿ ಎಂದು ಸುತ್ತುವರಿಯುತ್ತಿದ್ದರು. ಆಂಟಿಗೆ ಮಂಡಿನೋವು. ಮಡಚುವ ಕುರ್ಚಿಯೊಂದನ್ನು ಕಾರಿನಲ್ಲಿ ತರುತ್ತಿದ್ದರು. ನಗುವುದಕ್ಕೂ ಗದರುವುದಕ್ಕೂ ಒಂದೇ ಮುಖ, ಯಾವುದು ಯಾವಾಗ ಎಂದು ನನಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ.

ಕಂಟ್ರಿ ಎಂಬ ಮಾತನ್ನು ಅವರು ಹೇಳುವ ರೀತಿಯೇ ಬೇರೆ. ದೇಶ ಎಂದರೆ ನನಗೆ ಪಾಸ್‌ಪೋರ್ಟು ನೆನಪಾಗುತ್ತದೆ, ಭೂಮಿ ಎಂದರೆ ಸೈಟು. ಅವರಿಗೆ ಈ ನೀರು, ಈ ದಡ, ಮರ, ಆಮೆ, ಸತ್ತವರು, ಇನ್ನೂ ಹುಟ್ಟದವರು, ಎಲ್ಲ ಸೇರಿ ಕಂಟ್ರಿ. “ನೀವು ಅದನ್ನು ನೋಡಿಕೊಂಡರೆ ಅದು ನಿಮ್ಮನ್ನು ನೋಡಿಕೊಳ್ಳುತ್ತದೆ,” ಎಂದು ಮಕ್ಕಳಿಗೆ ಹೇಳುವರು. ಆಮೇಲೆ ನನ್ನ ಕಡೆ ತಿರುಗಿ, “ಟೀಚರ್ ಹೀಗೆ ಹೆದರಿಕೊಂಡು ನೋಡುವುದಲ್ಲ,” ಎನ್ನುವರು. ಮಕ್ಕಳು ನಗುವರು.

ನಾವು ಕೂರುವ ಜಾಗದಿಂದ ಸ್ವಲ್ಪ ಮೇಲೆ ಆ ಮರವಿತ್ತು. ದೊಡ್ಡ ನೀಲಗಿರಿ ಜಾತಿಯ ಮರ, ನದಿ ದಡಗಳಲ್ಲಿ ನೂರಾರು ವರ್ಷ ನಿಲ್ಲುವಂಥದ್ದು. ಅದರ ಕಾಂಡದಲ್ಲಿ, ನನ್ನ ಎದೆಯ ಎತ್ತರದಲ್ಲಿ, ಮೊರದಗಲದ ಉದ್ದನೆಯ ಗಾಯ. ಎಂದೋ ಯಾರೋ ಮರ ಸಾಯದ ಹಾಗೆ ಅಲ್ಲಿಂದ ತೊಗಟೆಯನ್ನು ಒಂದೇ ತುಂಡಾಗಿ ಬಿಡಿಸಿಕೊಂಡಿದ್ದರು. ಸುತ್ತ ತೊಗಟೆ ತುಟಿಯಂತೆ ಉಬ್ಬಿ ನಡುವೆ ಬರಿಯ ಮರ ಉಳಿದಿತ್ತು. ಮೊದಲ ಸಲ ತೋರಿಸಿದಾಗ ಆಂಟಿ ಒಂದು ಮಾತು ಹೇಳಿದ್ದರು: ದೂರದಿಂದ ನೋಡಿ, ಮುಟ್ಟಬೇಡಿ. ನಿಮ್ಮ ಮೇಲೆ, ಮಕ್ಕಳ ಮೇಲೆ ನನಗೆ ನಂಬಿಕೆ ಬಂದಾಗ ನಾನೇ ಕರೆದುಕೊಂಡು ಹೋಗಿ ಮುಟ್ಟಿಸುತ್ತೇನೆ.

ವರ್ಷವಿಡೀ ನಾವು ಕಾದೆವು. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ದೂರದಿಂದಲೇ ಆ ಮರಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಕೊನೆಗೆ ಆ ವರ್ಷದ ಕೊನೆಯ ಟರ್ಮಿನಲ್ಲಿ ಆಂಟಿ, “ದೀಪಾವಳಿಯೋ ಏನೋ ಅಂತೀಯಲ್ಲ, ಅದು ಮುಗಿದ ಮೇಲಿನ ಬುಧವಾರ ಬರುತ್ತೇನೆ. ಮರದ ಹತ್ತಿರ ಹೋಗೋಣ,” ಅಂದರು. ಮನೆಗೆ ಬಂದು ಗಂಡನ ಮುಂದೆ ಕುಣಿದೆ. ಸಿಡ್ನಿಯ ಆ ತಾಯಿ ಈಗ ಕೇಳಿದರೆ ನನ್ನ ಬಳಿ ಉತ್ತರವಿತ್ತು.

ಅದಕ್ಕೂ ಮುಂಚಿನ ಬುಧವಾರ, ಜೊತೆಗೆ ಬರಬೇಕಿದ್ದ ಒಬ್ಬ ಪೋಷಕರು ಕೈಕೊಟ್ಟರು. ಅಮ್ಮ ಆಗ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದಳು. ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರಾಗಿ ರಿಟೈರ್ ಆದವಳು. ಮಕ್ಕಳೆಂದರೆ ಜೀವ. ಕಿಂಡರ್‌ನ ಮುಖ್ಯಸ್ಥೆ ಒಪ್ಪಿದರು, ಕರೆದುಕೊಂಡು ಹೋದೆ. ಮರವನ್ನು ಮುಟ್ಟಬಾರದು ಎಂಬ ಮಾತನ್ನು ಮಕ್ಕಳಿಗೆ ಮತ್ತೆ ಹೇಳಿದಾಗ ಅಮ್ಮ ಹಿಂದೆ ಯಾವುದೋ ಮಗುವಿನ ಬೂಟಿನ ಲೇಸು ಕಟ್ಟುತ್ತಿದ್ದಳು. ಆಮೇಲೆ ನಡೆದದ್ದು ಆಗಲೇ ಹೇಳಿದೆನಲ್ಲ.

ಒಬ್ಬಳು ಮಾತ್ರ ತಡೆದಿದ್ದಳಂತೆ. ಗುಂಪಿನಲ್ಲಿದ್ದ ಏಕೈಕ ಕನ್ನಡದ ಹುಡುಗಿ, ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. “ಅಜ್ಜಿ, ನೋ ಟಚಿಂಗ್!” ಅಂದಳಂತೆ. ಮಕ್ಕಳ ಕೈ ಕೊಳೆಯಾಗಿರುತ್ತದೆ, ಅದಕ್ಕೇ ಮುಟ್ಟಬೇಡಿ ಅಂದಿರಬೇಕು ಎಂದುಕೊಂಡು ಅಮ್ಮ ತನ್ನ ಕೈಯನ್ನು ಬಾಟಲಿಯ ನೀರಿನಲ್ಲಿ ತೊಳೆದುಕೊಂಡು ಬೊಟ್ಟಿಟ್ಟಳಂತೆ!

ಕಾರಿನಲ್ಲಿ ನಾನು ಕೂಗಾಡಿದೆ. “ಕೇಳೋಕ್ ಏನಾಗಿತ್ತಮ್ಮಾ ನಿಂಗೆ? ಇದೇನ್ ನಮ್ಮೂರ್ ಅರಳೀಕಟ್ಟೆನಾ?”

“ನಾನೇನ್ ಉಗಿದ್ನಾ ಅದರ ಮೇಲೆ? ಕೈಮುಗಿದೆ. ಕೈಮುಗಿಯೋದೂ ತಪ್ಪಾ ಈ ದೇಶದಲ್ಲಿ?” ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಆಂಟಿಗೆ ಹೇಳಬೇಕಿತ್ತು. ಫೋನು ಕೈಗೆತ್ತಿಕೊಳ್ಳುವೆ, ಇಡುವೆ. ಹೇಳಿದರೆ ಅವರು ಇನ್ನು ಬರುವುದೇ ಇಲ್ಲ, ಮಕ್ಕಳ ವರ್ಷವೆಲ್ಲ ನೀರಿನಲ್ಲಿ ಹೋಮ. ಹೇಳದಿದ್ದರೆ ಬುಧವಾರ ಮಕ್ಕಳ ಮುಂದೆಯೇ ನೋಡುತ್ತಾರೆ. ಹೋಗಿ ತೊಳೆದುಬಿಡಲೇ? ಆ ಗಾಯವನ್ನು ಬ್ರಷ್ಷಿನಿಂದ ಉಜ್ಜುವುದೆಂದರೆ ಇನ್ನೊಂದು ಅಪರಾಧ. ಗಂಡ ಮಾತ್ರ ತಣ್ಣಗೆ, “ಯಾಕಿಷ್ಟು ಟೆನ್ಷನ್ನು? ಮೆಲ್ಬರ್ನ್ ವೆದರ್ ಇದು, ಒಂದ್ ಮಳೆ ಬಂದ್ರೆ ಎಲ್ಲಾ ಕ್ಲೀನ್ ಆಗತ್ತೆ ಬಿಡು,” ಅಂದರು. ನಾನು ದಿನವಿಡೀ ಫೋನಿನಲ್ಲಿ ಮಳೆಯ ಮುನ್ಸೂಚನೆ ನೋಡುತ್ತ ಕೂತೆ. ಎಂದೂ ಬೇಡದಾಗ ಸುರಿಯುವ ಆ ಊರಿನ ಮಳೆ ಆ ವಾರ ಪತ್ತೆಯಿಲ್ಲ.

ದೀಪಾವಳಿ ಬಂತು. ಟಾರ್ನೀಟ್‌ನ ಇಂಡಿಯನ್ ಅಂಗಡಿಗಳ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಹಬ್ಬದ ಮರುದಿನ ಸಂಜೆ, ಕೆಲಸ ಮುಗಿಸಿ, ಒಬ್ಬಳೇ ನದಿಯ ಕಡೆ ಹೋದೆ. ಬಣ್ಣ ಎಷ್ಟು ಮಾಸಿದೆ ನೋಡಿಬರೋಣ ಎಂದು.

ದೂರದಿಂದಲೇ ಏನೋ ಹೊಳೆಯಿತು. ಹತ್ತಿರ ಹೋದರೆ, ಮರದ ಬುಡದಲ್ಲಿ ಹಸಿರು ಗಾಜಿನ ಬಳೆಗಳು. ಒಡೆದ ತೆಂಗಿನಕಾಯಿಯ ಎರಡು ಹೋಳು. ಮಣ್ಣಿಗೆ ಚುಚ್ಚಿದ ಊದುಬತ್ತಿಯ ಕಡ್ಡಿಗಳು. ಗಾಯದ ಉದ್ದಕ್ಕೂ ಹೊಸ ಕುಂಕುಮ, ಹೊಸ ಸಿಂಧೂರ, ಯಾರೋ ಅಂಟಿಸಿದ ಚಿನ್ನದ ಬಣ್ಣದ ಓಂ ಸ್ಟಿಕ್ಕರ್. ಗಾಯದ ಕೆಳಗಿನ ಪೊಟರೆಯೊಳಗೆ ಮಣ್ಣಿನ ಹಣತೆಗಳು ಉರಿದು ಆರಿದ್ದವು. ಅದರ ಮೇಲಿನ ಮರ ಅಂಗೈಯಗಲ ಸುಟ್ಟು ಕರಿಯಾಗಿತ್ತು. ಸುತ್ತಲಿನ ಹುಲ್ಲು ಒಣಗಿತ್ತು. ಗಾಳಿ ಬೀಸಿದ್ದರೆ!

ಸಂಜೆ ವಾಕಿಂಗಿಗೆ ಬರುವ ನಮ್ಮವರೇ. ಒಬ್ಬರು ಇಟ್ಟ ಬೊಟ್ಟನ್ನು ನೋಡಿ ಇನ್ನೊಬ್ಬರು. ಯಾರನ್ನು ಬೈಯಲಿ? ಹಬ್ಬದ ದಿನ ಊರು ನೆನಪಾಗಿ, ಕೈಮುಗಿಯಲು ಒಂದು ಮರ ಸಿಕ್ಕಿತಲ್ಲ ಎಂದು ಸಂತೋಷಪಟ್ಟವರು. ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಮನೆಗೆ ಬಂದು ಫೋಟೋವನ್ನು ಅಮ್ಮನ ಮುಂದೆ ಹಿಡಿದೆ. ಬೈಯಬೇಕೆಂದೇ ಹಿಡಿದದ್ದು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಮೊದಲು ಮುಖ ಅರಳಿತು, “ಅಯ್ಯೋ, ಎಷ್ಟ್ ಜನ ಬಂದಿದಾರೆ ನೋಡೇ!” ಅಂದಳು. ಆಮೇಲೆ ಪೊಟರೆಯ ಕರಿಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ನೋಡುತ್ತಲೇ ಕುರ್ಚಿಯ ಮೇಲೆ ಕೂತಳು.

“ನಮ್ಮ ಪಾರ್ಕ್ ಕಲ್ಲು ಕಣೇ ಇದು,” ಅಂದಳು.

ನನಗೂ ಆ ಕ್ಷಣದಲ್ಲೇ ನೆನಪಾದದ್ದು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮಕ್ಕಳ ಪಾರ್ಕಿಗೆಂದು ಬಿಟ್ಟ ಮೂಲೆಯ ಜಾಗವಿತ್ತು. ನಾನು ಚಿಕ್ಕವಳಿದ್ದಾಗ ನಾವು ಕುಂಟೆಬಿಲ್ಲೆ ಆಡುತ್ತಿದ್ದದ್ದು ಅಲ್ಲೇ. ಒಂದು ದಿನ ಯಾರೋ ಅಲ್ಲೊಂದು ಕಲ್ಲಿಟ್ಟು ಕುಂಕುಮ ಹಚ್ಚಿದರು. ಆಮೇಲೆ ಶೀಟಿನ ಚಾವಣಿ ಬಂತು. ಆಮೇಲೆ ಹುಂಡಿ, ಆಮೇಲೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಅಮ್ಮ ಕಾರ್ಪೊರೇಷನ್ನಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ದೇವರ ವಿಷಯ ಮೇಡಂ, ಕೈ ಹಾಕೋಕಾಗಲ್ಲ, ಎಂದು ಎಲ್ಲರೂ ಕೈತೊಳೆದುಕೊಂಡರು. ಕುಂಕುಮ ಬಿದ್ದ ಮೇಲೆ ಜಾಗ ಹೋಯಿತು ಎಂದು ಅಮ್ಮ ಎಷ್ಟು ಸಲ ಹೇಳಿದ್ದಳೋ. ಅವಳಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

“ಫೋನ್ ಮಾಡು ಆ ಹೆಂಗಸಿಗೆ,” ಅಂದಳು ಅಮ್ಮ. “ಈಗಲೇ ಮಾಡು. ನಾನೇ ಅಂತ ಹೇಳು.”

ಮಾಡಿದೆ. ಕೆಲ್ಲಿವಿಲ್‌ನ ಬಾಗಿಲಲ್ಲಿ ಉತ್ತರ ನುಂಗಿದ ಹಾಗೆ ಈ ಸಲ ಏನನ್ನೂ ನುಂಗದೆ ಎಲ್ಲ ಹೇಳಿದೆ. ಆಂಟಿ ಪೂರ್ತಿ ಕೇಳಿಸಿಕೊಂಡರು. “ಏನನ್ನೂ ಮುಟ್ಟಬೇಡ. ನಾಳೆ ಬೆಳಿಗ್ಗೆ ಬರುತ್ತೇನೆ,” ಎಂದಷ್ಟೇ ಹೇಳಿ ಇಟ್ಟರು.

ಮರುದಿನ ಶನಿವಾರ. ಅಮ್ಮನೂ ನಾನೂ ಮೊದಲೇ ಹೋಗಿ ನಿಂತಿದ್ದೆವು. ಆಂಟಿ ಕೋಲೂರಿಕೊಂಡು ನಿಧಾನವಾಗಿ ಏರಿ ಬಂದರು. ಮರದ ಮುಂದೆ ನಿಂತರು. ನಾನು ಸಾರಿ ಎನ್ನಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ನೋಡಿಕೊಳ್ಳಬೇಕಿತ್ತು, ಮೊದಲೇ ಹೇಳಬೇಕಿತ್ತು, ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ...

“ಸ್ವಲ್ಪ ಸುಮ್ಮನಿರು,” ಅಂದರು ಆಂಟಿ.

ಸುಟ್ಟ ಜಾಗದ ಮೇಲೆ ಅಂಗೈ ಇಟ್ಟರು. ಕೈ ತೆಗೆದಾಗ ಕರಿ ಹತ್ತಿತ್ತು, ಒರೆಸಿಕೊಳ್ಳಲಿಲ್ಲ. “ಕೆಟ್ಟ ಮನಸ್ಸಿರಲಿಲ್ಲ, ನನಗೆ ಗೊತ್ತು,” ಅಂದರು. “ಹಿಂದೆ ನಮ್ಮ ಈ ನೆಲಕ್ಕೆ ಬೇಲಿ ಹಾಕಿದ ಬಿಳಿಯರೂ ಹೀಗೇ ಹೇಳುತ್ತಿದ್ದರು. ಮೊದಲು ಇಟ್ಟವರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಬಂದಳು. ಅವಳ ಇಂಗ್ಲಿಷು ಹಳೆಯ ಶಾಲೆಯ ಇಂಗ್ಲಿಷು, ಒಂದೊಂದೇ ಮಾತನ್ನು ಹಲಗೆಯ ಮೇಲೆ ಬರೆದಂತೆ. ನಾನು ಇಟ್ಟೆ, ನಮ್ಮಲ್ಲಿ ಗೌರವ ತೋರಿಸಲು ಹೀಗೆ ಇಡುತ್ತೇವೆ, ಎಂದಳು.

“ಗೌರವ ಎಂದು ನೋಡಿದರೆ ತಿಳಿಯುತ್ತದೆ,” ಅಂದರು ಆಂಟಿ. “ಆದರೆ ಇದು ದೇವರಲ್ಲ. ನಮ್ಮವರಲ್ಲಿ ಯಾರೋ ಒಬ್ಬರು ಇಲ್ಲಿ ನಿಂತು ತೊಗಟೆ ಬಿಡಿಸಿದರು. ಮಗುವನ್ನು ಮಲಗಿಸಿಕೊಳ್ಳಲಿಕ್ಕೋ, ತಿನ್ನುವುದನ್ನು ತುಂಬಿಕೊಳ್ಳಲಿಕ್ಕೋ. ಇದು ಅವರ ಕೈಕೆಲಸ. ನಾನು ಇಲ್ಲಿಗೆ ಬಂದಾಗ ಅವರನ್ನು ನೋಡುತ್ತೇನೆ. ಇವತ್ತು ನಿಮ್ಮನ್ನು ನೋಡುತ್ತಿದ್ದೇನೆ.”

ಅಮ್ಮ ತಲೆ ತಗ್ಗಿಸಿದಳು. ನನ್ನ ಅಮ್ಮ ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಅವಳ ಮೇಲಿದ್ದ ಸಿಟ್ಟೆಲ್ಲ ಕರಗಿಹೋಯಿತು. ಆಂಟಿ ಒಪ್ಪಿದ ಮೇಲೆ ಮೂವರೂ ಸೇರಿ ಬಳೆ, ಕಾಯಿಹೋಳು, ಹಣತೆ, ಸ್ಟಿಕ್ಕರ್, ಕಡ್ಡಿಗಳನ್ನು ತೆಗೆದು ಚೀಲಕ್ಕೆ ಹಾಕಿದೆವು. ಅಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ಕುಂಕುಮ ಒರೆಸಲು ಹೋದಳು. ಆಂಟಿ ಅವಳ ಮಣಿಕಟ್ಟು ಹಿಡಿದು ತಡೆದರು.

“ಬಿಡಿ. ಉಜ್ಜಬೇಡಿ. ಬಿಸಿಲು ನೋಡಿಕೊಳ್ಳುತ್ತದೆ.”

“ಬುಧವಾರ?” ಎಂದೆ ನಾನು.

“ಮಕ್ಕಳನ್ನು ಇಲ್ಲಿಗೆ ಕರೆತರಬೇಡ.”

“ನೀವು ಬರುತ್ತೀರಾ?”

“ಗೊತ್ತಿಲ್ಲ,” ಎಂದು ಆಂಟಿ ಕೋಲೂರಿಕೊಂಡು ಇಳಿದುಹೋದರು. ಅವರ ಕಾರು ಶುರುವಾಗಿ, ದೂರವಾಗಿ, ಸದ್ದಡಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.

ಆ ಬುಧವಾರದವರೆಗಿನ ದಿನಗಳನ್ನು ಹೇಗೆ ಕಳೆದೆನೋ. ಕಿಂಡರ್‌ನ ಮುಖ್ಯಸ್ಥೆಗೆ ಎಲ್ಲ ಹೇಳಿದೆ, ಅವರೂ ಬಿಳಿಚಿಕೊಂಡರು. ಕೆಲಸ ಹೋಗುತ್ತದೆಯೇ ಎಂಬ ಭಯ ನನಗಿರಲಿಲ್ಲ ಎಂದರೆ ಸುಳ್ಳು, ಆದರೆ ಅದು ಹಿಂದಿನ ಬೆಂಚಿನಲ್ಲಿತ್ತು. ಆಂಟಿ ಬರುತ್ತಾರೋ ಇಲ್ಲವೋ, ಅದೊಂದೇ. ಅವರಿಲ್ಲದೆ ನಾನು ಮಕ್ಕಳಿಗೆ ಏನು ಹೇಳಿದರೂ ಅದು ರಟ್ಟಿನ ಬೂಮರಾಂಗೇ.

ಬುಧವಾರ ಮಕ್ಕಳನ್ನು ನದಿಯ ತಿರುವಿನಲ್ಲಿ, ಮರ ದೂರದಿಂದ ಮಾತ್ರ ಕಾಣುವ ಕಡೆ ಕೂರಿಸಿದೆ. ಅಮ್ಮನೂ ಬಂದಿದ್ದಳು. ಬೇಡ ಎಂದರೂ ಕೇಳಲಿಲ್ಲ. ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅಂಗೈ ನೆಲಕ್ಕಿಟ್ಟು ಬೆಳಗಿನ ಮಾತು ಹೇಳಿದೆವು. ಆ ಕನ್ನಡದ ಹುಡುಗಿ ಕೈಯೆತ್ತಿದಳು.

“ಮಿಸ್, ಆರ್ ವಿ ಗೋಯಿಂಗ್ ಟು ದ ಗಾಡ್ ಟ್ರೀ?”

ಗಾಡ್ ಟ್ರೀ, ಗಾಡ್ ಟ್ರೀ ಎಂದು ಉಳಿದವರೂ ಕೂಗಿದರು. ಒಬ್ಬ ಎರಡೂ ಕೈ ಮುಗಿದು ಕಣ್ಣು ಮುಚ್ಚಿದ. ವರ್ಷವಿಡೀ ನಾನು ಕಲಿಸಿದ್ದನ್ನು ಎರಡು ನಿಮಿಷದ ಬೊಟ್ಟು ಅಳಿಸಿಹಾಕಿತ್ತು. ಆಗಲೇ ಹಿಂದಿನಿಂದ ಕುರ್ಚಿ ಬಿಡಿಸುವ ಸದ್ದು ಬಂತು. ಆಂಟಿ ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೂತುಕೊಂಡು, ಕೋಲನ್ನು ಮಂಡಿಗೆ ಅಡ್ಡ ಇಟ್ಟುಕೊಂಡು, “ನಾನು ಹೇಳುವುದಿಲ್ಲ. ನೀನೇ ಹೇಳು,” ಅಂದರು.

ಅಮ್ಮ ಎದುರಿಗೇ ಕೂತಿದ್ದಾಳೆ. ಹೆತ್ತವಳು ತಪ್ಪು ಮಾಡಿದಳು ಎಂದು ಹತ್ತು ಜನರ ಮುಂದೆ, ಅವಳ ಮುಖ ನೋಡಿಕೊಂಡು, ಹೇಳುವುದನ್ನು ನಮಗೆ ಯಾರೂ ಕಲಿಸಿಲ್ಲ. ಆ ಮರ ದೇವರಲ್ಲ, ಎಂದೆ. ಬಹಳ ಹಿಂದೆ ಆಂಟಿಯ ಮನೆಯವರು ಅಲ್ಲಿ ಏನನ್ನೋ ಮಾಡಿಕೊಂಡರು. ಅದು ಅವರದ್ದು. ಮುಟ್ಟಬೇಡಿ ಎಂದು ಆಂಟಿ ಹೇಳಿದ್ದರು, ಅಲ್ಲವಾ? ಆದರೂ... ಅಲ್ಲಿಗೆ ನನ್ನ ಮಾತು ನಿಂತಿತು.

ಸಾಲಿನ ನಡುವಿನಿಂದ ಒಂದು ಕೈ ಮೇಲೆದ್ದಿತು. ಬಳೆ ತೊಟ್ಟ, ಸುಕ್ಕುಗಟ್ಟಿದ ಕೈ. ಜೀವಮಾನವಿಡೀ ಮಕ್ಕಳಿಂದ ಕೈಯೆತ್ತಿಸಿದವಳು, ನಾನು ಮಾತಾಡಲೇ ಎಂದು ಕೈಯೆತ್ತಿ ಕಾಯುತ್ತಿದ್ದಳು. ನಾನು ತಲೆಯಾಡಿಸಿದೆ.

“ಐ ಡಿಡ್ ನಾಟ್ ಆಸ್ಕ್,” ಅಂದಳು ಅಮ್ಮ, ಮಕ್ಕಳ ಕಡೆ ನೋಡಿ. “ಇಟ್ ಈಸ್ ಹರ್ ಹೌಸ್. ಐ ವೆಂಟ್ ಇನ್ ಅಂಡ್ ಡಿಡ್ ನಾಟ್ ಆಸ್ಕ್. ಸಾರಿ.” ಆಂಟಿಯ ಕಡೆ ತಿರುಗಿ ಇನ್ನೊಮ್ಮೆ ಸಾರಿ ಅಂದಳು.

ಮಕ್ಕಳು ಗಂಭೀರವಾಗಿ ಕೇಳಿಸಿಕೊಂಡರು. ನನ್ನ ಕಣ್ಣಲ್ಲಿ ನೀರು ತುಂಬಿತು, ಟೋಪಿ ಮುಂದಕ್ಕೆಳೆದುಕೊಂಡೆ. ಆಂಟಿ ನದಿಯ ಕಡೆ ತಿರುಗಿದರು. “ಸರಿ. ಮರದ ವಿಷಯ ಈ ವರ್ಷ ಮುಗಿಯಿತು. ಇವತ್ತು ನೀರಿನ ಬಗ್ಗೆ ಹೇಳುತ್ತೇನೆ,” ಎಂದು ಶುರುಮಾಡಿದರು. ಆ ವರ್ಷದ ಮಕ್ಕಳು ಮರವನ್ನು ಮುಟ್ಟದೆಯೇ ಸ್ಕೂಲಿಗೆ ಹೋದರು.

ಅಮ್ಮ ವೀಸಾ ಮುಗಿದು ಊರಿಗೆ ಹೊರಟಳು. ಅಲ್ಲಿಂದ ಪ್ರತಿ ವಾರದ ಫೋನಿನಲ್ಲೂ, ಊಟ ಆಯ್ತಾ ಎಂದು ಕೇಳಿದ ಮೇಲೆ ಅವಳ ಎರಡನೆಯ ಪ್ರಶ್ನೆ ಅದೇ. “ಮರದ ಹತ್ರ ಬಿಟ್ರಾ?” ಇನ್ನೂ ಇಲ್ಲಮ್ಮ, ಎನ್ನುತ್ತಿದ್ದೆ. ನಾನು ಕೆಲಸಕ್ಕೆ ಹೋಗುವ ಮೊದಲು ನದಿಯ ಕಡೆ ಕಾರು ತಿರುಗಿಸಿ, ಹೊಸ ಬೊಟ್ಟೇನಾದರೂ ಬಿದ್ದಿದೆಯೇ ಎಂದು ನೋಡಿಕೊಂಡೇ ಹೋಗುತ್ತಿದ್ದೆ. ಎರಡು ಸಲ ಬಿದ್ದಿತ್ತು. ಆಂಟಿಗೆ ಎರಡು ಸಲವೂ ಅಂದೇ ಹೇಳಿದೆ. ವಾಕಿಂಗಿಗೆ ಬರುವ ನಮ್ಮ ಹೆಂಗಸರನ್ನು ನಿಲ್ಲಿಸಿ ಕನ್ನಡದಲ್ಲಿ, ಹಿಂದಿಯಲ್ಲಿ ಹೇಳಿದೆ. ಕೆಲವರು ಅರ್ಥಮಾಡಿಕೊಂಡರು. ಒಬ್ಬರು ನನ್ನನ್ನು ಮತಾಂತರವಾದವಳೇ ಎಂದು ಕೇಳಿದರು.

ಮುಂದಿನ ವರ್ಷ, ಚಳಿ ಕಳೆದು ಗಾಳಿ ಬೆಚ್ಚಗಾದ ಮೇಲೆ, ಒಂದು ಬುಧವಾರ ಆಂಟಿ ಕುರ್ಚಿಯಿಂದ ಎದ್ದವರು ಕಾರಿನ ಕಡೆಗೆ ಹೋಗದೆ ದಿಬ್ಬದ ಕಡೆ ತಿರುಗಿದರು. ಹಿಂತಿರುಗಿ ನೋಡದೆಯೇ, “ಬನ್ನಿ ಮತ್ತೆ,” ಅಂದರು. ಹೊಸ ಮಕ್ಕಳು, ಅವರಿಗೆ ಹಳೆಯ ಕಥೆ ಗೊತ್ತಿಲ್ಲ. ಒಬ್ಬೊಬ್ಬರ ಕೈಯನ್ನೂ ಆಂಟಿ ತಾವೇ ಹಿಡಿದು ಉಬ್ಬಿದ ತೊಗಟೆಯ ಅಂಚಿಗೆ ಮುಟ್ಟಿಸಿದರು. ನನ್ನ ಸರದಿ ಬಂದಾಗ ನಾನು ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ. ಆಂಟಿ ಅದನ್ನು ನೋಡಿದರು, 'ಮುಟ್ಟು' ಅನ್ನಲಿಲ್ಲ. ನನಗೂ ಅದೇ ಸರಿ ಅನ್ನಿಸಿತು.

ಆ ಸಂಜೆ ನಾನೇ ಫೋನ್ ಮಾಡಿದೆ. “ಬಿಟ್ರಮ್ಮಾ,” ಅಂದೆ. ಅಮ್ಮ ಖುಷಿಯಿಂದ ಏನೇನೋ ಕೇಳಿದಳು. ಮಕ್ಕಳು ಎಷ್ಟಿದ್ದರು, ಆ ಹೆಂಗಸಿನ ಮಂಡಿ ಹೇಗಿದೆ. ಆಮೇಲೆ ದನಿ ತಗ್ಗಿಸಿದಳು.

“ನಾನಿಟ್ಟಿದ್ದು ಇನ್ನೂ ಇದೆಯಾ?”

“ಇಲ್ಲಮ್ಮ. ನೀನಿಟ್ಟ ಅರಿಶಿನ ಕುಂಕುಮ ಬಿಸಿಲಿಗೆ ಪೂರ್ತಿ ಹೋಗಿದೆ. ಹುಡುಕಿದ್ರೂ ಕಾಣಲ್ಲ. ಕೆಳಗೆ ಆ ದೀಪ ಸುಟ್ಟ ಕರಿ ಇದ್ಯಲ್ಲ, ಅದೊಂದು ಉಳಿದಿದೆ. ಅದು ಯಾರೋ ಇಟ್ಟಿದ್ದು, ನೀನಲ್ಲ.”

“ಯಾರೋ ಅನ್ಬೇಡ ಕಣೇ,” ಅಂದಳು. “ನಾನು ಬೊಟ್ಟಿಡದೇ ಇದ್ದಿದ್ರೆ ಅಲ್ಲಿ ದೀಪ ಯಾಕೆ ಹಚ್ತಿದ್ರು?”